ಓದುಗರ ಪ್ರಶ್ನೆ, ರಸಾಯನ ಉತ್ತರ: ಯಂತ್ರ ಕೊಟ್ಟ ಅಂಕಿಯಿಂದ ಪ್ಲಾಸ್ಟಿಕ್ಕಿನ ಹೆಸರಿಗೆ

ಎರಡು ಸಂಚಿಕೆಗಳ ಹಿಂದೆ ಮರುಬಳಕೆಯ ಪ್ಲಾಸ್ಟಿಕ್ಕನ್ನು ಪರೀಕ್ಷಿಸುವ ಬಗೆಯನ್ನು ಕುರಿತು ಒಂದು ಚಿಕ್ಕ ಉತ್ತರ ಬರೆದಿದ್ದೆ. ಅದರ ಬೆನ್ನಿಗೇ ಮುಂಬಯಿ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮಾಸ್ ಸ್ಪೆಕ್ಟ್ರೋಮೀಟರ್ ಸುತ್ತಲೇ ಇವೆ. ಅಣುಗಳಿಗೆ ವಿದ್ಯುದಂಶ ಕೊಟ್ಟು ಅವುಗಳ ದ್ರವ್ಯರಾಶಿಯನ್ನು (ಚಿಕ್ಕದಾಗಿ ರಾಶಿ) ಅಳೆಯುವ ಯಂತ್ರ ಅದು. ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಿವೃತ್ತಿಯವರೆಗೂ ಆ ಯಂತ್ರದ ಮುಂದೆಯೇ ಕೆಲಸ ಮಾಡಿದವಳು ನಾನು. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ತುಣುಕು ಮತ್ತೆ ಮತ್ತೆ ಕೂಡಿಕೊಂಡು ಬೆಳೆದ ಉದ್ದನೆಯ ಸರಪಳಿಗೆ ಪಾಲಿಮರ್ ಎನ್ನುತ್ತೇವೆ. ನಮ್ಮ ಮನೆಯ ಪ್ಲಾಸ್ಟಿಕ್ಕುಗಳೆಲ್ಲ ಅಂಥವೇ. ಇಷ್ಟು ನೆನಪಿದ್ದರೆ ಮುಂದಿನದು ಕಷ್ಟವಾಗದು.

ಪ್ರಶ್ನೆ: ಅಕ್ಕ, ನಮ್ಮದು ವಸಯಿಯಲ್ಲಿ ಪ್ಲಾಸ್ಟಿಕ್ ದಾನಾ (ಕಾಳು) ತಯಾರಿಸುವ ಸಣ್ಣ ಘಟಕ. ಭಂಗಾರದ (ಗುಜರಿಯ) ಮಾಲು ಧಾರಾವಿಯ 13ನೇ ಕಂಪೌಂಡಿನಿಂದ ಬರುತ್ತದೆ. ಅಲ್ಲಿ ತುಂಡನ್ನು ಸುಟ್ಟು ಮೂಸಿ, ನೀರಿಗೆ ಹಾಕಿ ನೋಡಿ ಬೇರ್ಪಡಿಸುತ್ತಾರೆ. ಈಗ ಗಿರಾಕಿಯೊಬ್ಬರು ಲ್ಯಾಬ್ ವರದಿ ಕೇಳಿದರೆಂದು ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ‘ಪಾಲಿಪ್ರೊಪಿಲೀನ್ ಹೋಲಿಕೆ 86, ಪಾಲಿಥೀನ್ ಹೋಲಿಕೆ 81’ ಎಂದಿದೆ. ಶೇಕಡಾ 86 ಮಾತ್ರ ಪಿಪಿ, ಉಳಿದದ್ದು ಕಲಬೆರಕೆ ಎಂದು ಗಿರಾಕಿ ದರ ಇಳಿಸುತ್ತಿದ್ದಾರೆ. ಇದು ನ್ಯಾಯವೇ? — ಕಾರ್ಕಳ ಮೂಲದ ಓದುಗರು, ವಸಯಿ

ಉತ್ತರ: ನ್ಯಾಯವಲ್ಲ. 86ಕ್ಕೆ 81 ಕೂಡಿಸಿ ನೋಡಿ, 167 ಬರುತ್ತದೆ. ಒಂದೇ ಚೀಲದ ಮಾಲಿನಲ್ಲಿ ಶೇಕಡಾ 167 ಇರುವುದು ಸಾಧ್ಯವೇ? ಆ ಅಂಕಿಗಳು ಪಾಲನ್ನು ಹೇಳುತ್ತಿಲ್ಲ. ನಿಮ್ಮ ಮಾದರಿಯ ಚಿತ್ರಕ್ಕೂ ಕಂಪ್ಯೂಟರಿನ ಸಂಗ್ರಹದಲ್ಲಿರುವ ಚಿತ್ರಕ್ಕೂ ಎಷ್ಟು ಸಾಮ್ಯವಿದೆ ಎಂಬುದನ್ನಷ್ಟೇ ಹೇಳುತ್ತಿವೆ. ಗಿರಾಕಿಗೆ ಈ ಸಾಲನ್ನೇ ಓದಿ ಹೇಳಿ.

ನೀವು ಲಗತ್ತಿಸಿದ ಹಾಳೆಯಿಂದ ತಿಳಿಯುವುದೇನೆಂದರೆ, ನಿಮ್ಮ ದಾನಾವನ್ನು ಪೈರಾಲಿಸಿಸ್ ಎಂಬ ವಿಧಾನದಲ್ಲಿ ಪರೀಕ್ಷಿಸಿದ್ದಾರೆ. ಕೂದಲೆಳೆಯಷ್ಟು ತುಣುಕನ್ನು ಗಾಳಿಯಿಲ್ಲದ ಕಡೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಸರಪಳಿ ಒಡೆದು ಅನಿಲವಾಗುತ್ತದೆ. ಆ ಅನಿಲದ ಘಟಕಗಳು ಒಂದು ಸಪೂರ ಕೊಳವೆಯಲ್ಲಿ ಒಂದರ ಹಿಂದೊಂದು ಬೇರ್ಪಟ್ಟು ಬಂದು ಮಾಸ್ ಸ್ಪೆಕ್ಟ್ರೋಮೀಟರನ್ನು ಸೇರುತ್ತವೆ. ಅಲ್ಲಿ 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳ ಪೆಟ್ಟಿಗೆ ಪ್ರತಿ ಅಣುವೂ ಚೂರಾಗುತ್ತದೆ. ಯಾವ ರಾಶಿಯ ಚೂರು ಎಷ್ಟಿದೆ ಎಂದು ತೋರಿಸುವ ಚಿತ್ರಕ್ಕೆ ಸ್ಪೆಕ್ಟ್ರ ಎನ್ನುತ್ತೇವೆ. ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಇದೇ 70ನ್ನು ಬಳಸುವುದರಿಂದ ಒಬ್ಬರ ಚಿತ್ರವನ್ನು ಇನ್ನೊಬ್ಬರ ಚಿತ್ರದೊಂದಿಗೆ ಹೋಲಿಸಲು ಬರುತ್ತದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಸಿದ್ಧಪಡಿಸಿದ ಸಂಗ್ರಹದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸಂಯುಕ್ತಗಳ ಚಿತ್ರಗಳಿವೆ.

ತೊಡಕು ಶುರುವಾಗುವುದು ಹೋಲಿಸುವ ರೀತಿಯಲ್ಲಿ. ಕೆಲವು ತಂತ್ರಾಂಶಗಳು ಕೊಳವೆಯಿಂದ ಬಂದ ಎಲ್ಲವನ್ನೂ ಸರಾಸರಿ ಮಾಡಿ ಒಂದೇ ಚಿತ್ರ ಕಟ್ಟಿ, ಅದಕ್ಕೆ ಅಂಕ ಕೊಡುತ್ತವೆ. ಪಾಲಿಥೀನ್, ಪಾಲಿಪ್ರೊಪಿಲೀನ್ ಎರಡರಲ್ಲಿಯೂ ಇರುವುದು ಇಂಗಾಲ ಮತ್ತು ಹೈಡ್ರೋಜನ್ ಮಾತ್ರ, ಅದೂ ಒಂದೇ ಅನುಪಾತದಲ್ಲಿ. ಎರಡೂ ಒಡೆದಾಗ 41, 43, 55, 57, 69ರ ಚೂರುಗಳೇ ಎದ್ದು ಕಾಣುತ್ತವೆ. ಸರಾಸರಿ ಮಾಡಿಬಿಟ್ಟರೆ ಎರಡರ ಮುಖವೂ ಒಂದೇ. ಆದ್ದರಿಂದಲೇ 86 ಮತ್ತು 81.

ಸರಾಸರಿ ಮಾಡದೆ, ಬಂದ ಕ್ರಮದಲ್ಲೇ ನೋಡಿದರೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಪಾಲಿಥೀನ್ ಇದ್ದರೆ ಪೀಕುಗಳು, ಅಂದರೆ ಚಿತ್ರದಲ್ಲಿ ಎದ್ದು ನಿಲ್ಲುವ ಶಿಖರಗಳು, ಮೂರು ಮೂರರ ಗುಂಪಾಗಿ ಸಾಲಾಗಿ ನಿಲ್ಲುತ್ತವೆ. ಪ್ರತಿ ಗುಂಪಿನಲ್ಲೂ ಎರಡು ದ್ವಿಬಂಧವಿರುವುದು ಮೊದಲು, ಒಂದು ದ್ವಿಬಂಧದ್ದು ಆಮೇಲೆ, ದ್ವಿಬಂಧವೇ ಇಲ್ಲದ್ದು ಕೊನೆಗೆ. ಪಾಲಿಪ್ರೊಪಿಲೀನ್ ಇದ್ದರೆ 2,4-ಡೈಮೀಥೈಲ್-1-ಹೆಪ್ಟೀನ್ ಎಂಬ ಒಂದು ಪೀಕ್ ಉಳಿದವುಗಳನ್ನು ಮೀರಿ ಎದ್ದು ನಿಲ್ಲುತ್ತದೆ. ಅದರ ರಾಶಿ 126, ಅದರ ಅತಿ ಬಲವಾದ ಚೂರು 70. ಪರೀಕ್ಷೆ ಮಾಡಿದವರ ಬಳಿ ಹೋಗಿ, “70 ಮತ್ತು 126ರ ಚಿತ್ರವನ್ನು ಪ್ರತ್ಯೇಕವಾಗಿ ತೆಗೆದುಕೊಡಿ, ಮೂರರ ಗುಂಪುಗಳು ಕಾಣುತ್ತವೆಯೇ ತೋರಿಸಿ” ಎಂದು ಕೇಳಿ. ಹಣ ಕೊಟ್ಟಿದ್ದೀರಿ, ಕೇಳುವ ಹಕ್ಕಿದೆ. ಪಾಲು ಎಷ್ಟೆಂದು ನಿಖರವಾಗಿ ಬೇಕಾದರೆ ಅವರು ಶುದ್ಧ ಪಿಪಿಗೆ ಶುದ್ಧ ಪಾಲಿಥೀನನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ, ಆ ಮಿಶ್ರಣಗಳನ್ನೂ ಅದೇ ಯಂತ್ರದಲ್ಲಿ ಓಡಿಸಿ, ಪೀಕುಗಳ ವಿಸ್ತೀರ್ಣವನ್ನು ಹೋಲಿಸಬೇಕು. ಅದಿಲ್ಲದೆ ಶೇಕಡಾವಾರು ಬರೆಯುವಂತಿಲ್ಲ.

ಒಂದು ಮಾತು ಬಿಚ್ಚಿ ಹೇಳುತ್ತೇನೆ. ನಿಮ್ಮ ಈ ಒಂದು ಪ್ರಶ್ನೆಗೆ ಇಷ್ಟು ದುಬಾರಿ ಯಂತ್ರವೇ ಬೇಕಿರಲಿಲ್ಲ. ಮಾದರಿಯನ್ನು ನಿಧಾನವಾಗಿ ಕಾಯಿಸುತ್ತ ಅದು ಎಷ್ಟು ಡಿಗ್ರಿಗೆ ಕರಗುತ್ತದೆಂದು ನೋಡುವ ಡಿಎಸ್‌ಸಿ ಎಂಬ ಪರೀಕ್ಷೆ ಅಗ್ಗ. ಪಾಲಿಥೀನ್ ಕರಗುವುದು ಸುಮಾರು 110ರಿಂದ 135 ಡಿಗ್ರಿಯೊಳಗೆ, ಪಿಪಿ ಕರಗುವುದು 160ರ ಆಚೀಚೆ. ಎರಡೂ ಇದ್ದರೆ ಎರಡು ಕಡೆ ತಗ್ಗು ಕಾಣುತ್ತದೆ. ನೀರಿನ ಪರೀಕ್ಷೆ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಎರಡೂ ತೇಲುತ್ತವೆ. ಇನ್ನು ಸುಟ್ಟು ಮೂಸುವುದು. ಆ ಕೆಲಸಗಾರರ ಮೂಗಿನ ಜ್ಞಾನದ ಮೇಲೆ ನನಗೆ ಗೌರವವಿದೆ. ಆದರೆ ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ದಿನವಿಡೀ ಅದನ್ನು ಎಳೆದುಕೊಂಡ ಶ್ವಾಸಕೋಶ ಉಳಿಯುವುದಿಲ್ಲ. ಕಾಯಿಸಿದ ತಾಮ್ರದ ತಂತಿಯನ್ನು ತುಂಡಿಗೆ ಒತ್ತಿ, ತಂತಿಯನ್ನು ಮತ್ತೆ ಜ್ವಾಲೆಗೆ ಹಿಡಿದರೆ ಕ್ಲೋರಿನ್ ಇರುವ ಪ್ಲಾಸ್ಟಿಕ್ ಹಸಿರು ಬಣ್ಣ ತೋರಿಸುತ್ತದೆ. ಕಣ್ಣಿನಿಂದ ಗುರುತಿಸಲಿ, ಮೂಗಿನಿಂದ ಬೇಡ. ಅದನ್ನೂ ಗಾಳಿಯಾಡುವ ಜಾಗದಲ್ಲಿ ಮಾಡಲಿ. ಇಷ್ಟನ್ನು ಅವರಿಗೆ ದಯವಿಟ್ಟು ಮುಟ್ಟಿಸಿ.

ಪ್ರಶ್ನೆ: ಮೇಡಂ, ನಾನು ಪುಣೆಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಪಾಲಿಎಥಿಲೀನ್ ಗ್ಲೈಕಾಲಿನ ಮಾದರಿಯೊಂದನ್ನು ಮಾಲ್ಡಿ ಯಂತ್ರದಲ್ಲಿ (ಲೇಸರ್ ಹೊಡೆದು ಅಣುಗಳನ್ನು ಒಡೆಯದೆ ವಿದ್ಯುದಂಶ ಕೊಡುವ ಮಾಸ್ ಸ್ಪೆಕ್ಟ್ರೋಮೀಟರ್) ಓಡಿಸಿದಾಗ ಎರಡು ಸಾಲುಗಳು ಬಂದವು: 921.5, 965.5, 1009.6 ಒಂದು ಸಾಲು, 937.5, 981.5 ಇನ್ನೊಂದು. ಎರಡನೆಯದು ಮೊದಲಿನದಕ್ಕಿಂತ 16 ಹೆಚ್ಚು. ಮಾದರಿ ಹಳೆಯದಾಗಿ ಆಕ್ಸಿಜನ್ ಸೇರಿಕೊಂಡಿದೆ ಎಂದು ಸರ್ ಹೇಳುತ್ತಾರೆ. ಸೋಡಿಯಂ ಬದಲು ಪೊಟ್ಯಾಸಿಯಂ ಅಂಟಿದೆ ಎಂದು ಸೀನಿಯರ್ ಹೇಳುತ್ತಾರೆ. ನಿರ್ಧರಿಸುವುದು ಹೇಗೆ? ಕೆಂಡ್ರಿಕ್ ನಕ್ಷೆ ಹಾಕು ಎನ್ನುತ್ತಾರೆ, ಅದೂ ಅರ್ಥವಾಗಿಲ್ಲ. — ಧಾರವಾಡದ ವಿದ್ಯಾರ್ಥಿನಿ, ಪಾಷಾಣ, ಪುಣೆ

ಉತ್ತರ: ನಿಮ್ಮ ಪ್ರಶ್ನೆಯ ಉತ್ತರ ದಶಾಂಶ ಬಿಂದುವಿನ ನಂತರದ ಎರಡನೆಯ ಮತ್ತು ಮೂರನೆಯ ಅಂಕಿಯಲ್ಲಿದೆ. ನೀವು ಒಂದೇ ಅಂಕಿ ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಟ್ಟಿದ್ದೀರಿ. ಹೋಗಿ ಮೂಲ ಕಡತವನ್ನು ತೆರೆದು ಪೂರ್ತಿ ಅಂಕಿಗಳನ್ನು ತೆಗೆಯಿರಿ. ಈಗ ಕಾಗದ, ಪೆನ್ಸಿಲ್ ಹಿಡಿದು ನನ್ನ ಜೊತೆ ಕುಳಿತುಕೊಳ್ಳಿ.

ಪಾಲಿಎಥಿಲೀನ್ ಗ್ಲೈಕಾಲಿನ ಒಂದು ತುಣುಕಿನಲ್ಲಿ 2 ಇಂಗಾಲ, 4 ಹೈಡ್ರೋಜನ್, 1 ಆಕ್ಸಿಜನ್. ಅದರ ನಿಖರ ರಾಶಿ 44.0262. ಇಂಥ 20 ತುಣುಕುಗಳ ರಾಶಿ 880.524. ಸರಪಳಿಯ ಒಂದು ತುದಿಯಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಹೈಡ್ರಾಕ್ಸಿಲ್, ಎರಡೂ ಕೂಡಿ 18.011. ಮೇಲೆ ಸರಪಳಿಗೆ ಅಂಟಿಕೊಂಡು ಅದಕ್ಕೆ ವಿದ್ಯುದಂಶ ಕೊಡುವ ಸೋಡಿಯಂ ಅಯಾನು, 22.989. ಒಟ್ಟು 921.524. ನಿಮ್ಮ ಮೊದಲ ಸಾಲು ಇದೇ. ಸೋಡಿಯಂ ತೆಗೆದು ಪೊಟ್ಯಾಸಿಯಂ ಇಡಿ, ಅದು 38.963, ಒಟ್ಟು 937.498. ಪೊಟ್ಯಾಸಿಯಂ ಬೇಡ, ಸೋಡಿಯಂ ಇರುವ ಸರಪಳಿಗೇ ಒಂದು ಆಕ್ಸಿಜನ್ ಸೇರಿಸಿ, ಅದು 15.995, ಒಟ್ಟು 937.519. ಎರಡರ ನಡುವಿನ ಅಂತರ 0.021. ಒಂದೇ ದಶಾಂಶಕ್ಕೆ ಇಳಿಸಿದರೆ ಎರಡೂ 937.5 ಆಗಿಬಿಡುತ್ತವೆ. ನಿಮ್ಮ ಸರ್ ಮತ್ತು ಸೀನಿಯರ್ ಇಬ್ಬರೂ ಒಂದೇ ಅಂಕಿಯನ್ನು ಹಿಡಿದು ವಾದಿಸುತ್ತಿದ್ದಾರೆ, ಆ ಅಂಕಿಗೆ ಇಬ್ಬರಲ್ಲಿ ಯಾರ ಪರವನ್ನೂ ವಹಿಸುವ ಶಕ್ತಿ ಇಲ್ಲ.

937ರ ಬಳಿ 0.021 ಎಂದರೆ ಹತ್ತು ಲಕ್ಷಕ್ಕೆ 22 ಭಾಗ. ಚೆನ್ನಾಗಿ ಅಂಶಾಂಕನ (ಕ್ಯಾಲಿಬ್ರೇಷನ್) ಮಾಡಿದ ಯಂತ್ರಕ್ಕೆ ಇದು ಕಷ್ಟವಲ್ಲ. ಅಂಶಾಂಕನದ ಮೇಲೆ ನಂಬಿಕೆ ಇಲ್ಲದಿದ್ದರೂ ದಾರಿಯಿದೆ. ಪೀಕಿನ ರಾಶಿಯನ್ನು ನೋಡದೆ ಎರಡು ಪೀಕುಗಳ ವ್ಯತ್ಯಾಸವನ್ನು ನೋಡಿ. ಹತ್ತಿರದ ಎರಡು ಪೀಕುಗಳು ಸರಿದಿದ್ದರೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಸರಿದಿರುತ್ತವೆ, ಆದ್ದರಿಂದ ವ್ಯತ್ಯಾಸ ಕೆಡುವುದಿಲ್ಲ. ವ್ಯತ್ಯಾಸ 15.974 ಬಂದರೆ ಪೊಟ್ಯಾಸಿಯಂ, 15.995 ಬಂದರೆ ಆಕ್ಸಿಜನ್. ಸಾಲಿನುದ್ದಕ್ಕೂ ಇರುವ ಎಲ್ಲ ಜೋಡಿಗಳಿಗೂ ಇದನ್ನು ಮಾಡಿ ಸರಾಸರಿ ತೆಗೆಯಿರಿ. ಒಂದು ಜೋಡಿಯನ್ನು ಮಾತ್ರ ನೆಚ್ಚಬೇಡಿ. ಎರಡೂ ಬೆರೆತಿದ್ದರೆ ಮಾತ್ರ ತಾಪತ್ರಯ, ಆಗ ಅವನ್ನು ಬಿಡಿಸಿ ತೋರಿಸಲು ಸುಮಾರು 45,000 ಪೃಥಕ್ಕರಣ ಸಾಮರ್ಥ್ಯದ ಯಂತ್ರ ಬೇಕಾಗುತ್ತದೆ.

ಈಗ ಕೆಂಡ್ರಿಕ್. 1963ರಲ್ಲಿ ಎಡ್ವರ್ಡ್ ಕೆಂಡ್ರಿಕ್ ಪೆಟ್ರೋಲಿಯಂ ಹೈಡ್ರೋಕಾರ್ಬನ್ನುಗಳ ಗೊಂದಲವನ್ನು ಬಿಡಿಸಲು ಒಂದು ಸರಳ ಉಪಾಯ ಸೂಚಿಸಿದರು. ಒಂದು ಇಂಗಾಲ, ಎರಡು ಹೈಡ್ರೋಜನ್ ಇರುವ ತುಣುಕಿನ ನಿಜವಾದ ರಾಶಿ 14.01565. ಅದನ್ನೇ ಸರಿಯಾಗಿ 14 ಎಂದು ಇಟ್ಟುಕೊಂಡು ಉಳಿದೆಲ್ಲವನ್ನೂ ಅದೇ ಅಳತೆಗೆ ಇಳಿಸಿದರು. ಗೋಡೆಯ ಕ್ಯಾಲೆಂಡರನ್ನು ನೋಡಿ: 3, 10, 17, 24 ಒಂದೇ ಸಾಲಿನಲ್ಲಿ ಬರುತ್ತವೆ, ಏಕೆಂದರೆ ಅವುಗಳ ನಡುವೆ ಏಳರ ಅಂತರ; ಎಲ್ಲದಕ್ಕೂ ವಾರದ ಅದೇ ದಿನ. ಕೆಂಡ್ರಿಕ್ ಮಾಡಿದ್ದೂ ಅದೇ. ಒಂದೇ ತುಣುಕಿನ ಅಂತರದಲ್ಲಿರುವ ಪೀಕುಗಳೆಲ್ಲ ಒಂದೇ ಸಾಲಿಗೆ ಬೀಳುವಂತೆ ಮಾಡಿದರು.

ನಿಮ್ಮ ಪಾಲಿಮರಿಗೆ 14ರ ಬದಲು 44 ತೆಗೆದುಕೊಳ್ಳಿ. ಪ್ರತಿ ಪೀಕನ್ನೂ 44ರಿಂದ ಗುಣಿಸಿ 44.02621ರಿಂದ ಭಾಗಿಸಿ, ಎಕ್ಸೆಲ್ ಹಾಳೆ ಸಾಕು. 921.524 ಎಂಬುದು 920.975 ಆಗುತ್ತದೆ. 965.550 ಎಂಬುದು 964.975 ಆಗುತ್ತದೆ. ದಶಾಂಶ ಭಾಗ ಎರಡರಲ್ಲೂ 0.975. ಸರಪಳಿ ಎಷ್ಟೇ ಬೆಳೆಯಲಿ, ತುದಿ ಮತ್ತು ಅಂಟಿದ ಅಯಾನು ಬದಲಾಗದಿದ್ದರೆ ಈ ಭಾಗ ಬದಲಾಗುವುದಿಲ್ಲ. ಪೊಟ್ಯಾಸಿಯಂ ಸಾಲು 0.940ರಲ್ಲಿ ನಿಲ್ಲುತ್ತದೆ, ಆಕ್ಸಿಜನ್ ಸೇರಿದ ಸಾಲು 0.961ರಲ್ಲಿ. ಅಡ್ಡಕ್ಕೆ ರಾಶಿ, ಲಂಬಕ್ಕೆ ಈ ದಶಾಂಶ ಭಾಗ ಇಟ್ಟು ಚುಕ್ಕೆ ಹಾಕಿದರೆ ನೂರಾರು ಪೀಕುಗಳ ಕಾಡು ಮೂರು ಅಡ್ಡಗೆರೆಗಳಾಗಿ ಮಲಗುತ್ತದೆ. ಯಾವ ಗೆರೆಗೂ ಸೇರದೆ ಒಂಟಿಯಾಗಿ ಉಳಿದ ಚುಕ್ಕೆಗಳನ್ನು ಅಳಿಸಬೇಡಿ. ಕೊಳೆಯೋ, ಬೇರೆ ಪಾಲಿಮರೋ, ಎರಡು ವಿದ್ಯುದಂಶ ಹೊತ್ತ ಸರಪಳಿಯೋ ಎಂದು ನೋಡಿ. ಎರಡು ವಿದ್ಯುದಂಶ ಇದ್ದರೆ ಐಸೊಟೋಪ್ ಪೀಕುಗಳ (ತುಸು ಭಾರದ ಇಂಗಾಲ ಸೇರಿ ಪಕ್ಕದಲ್ಲೇ ಏಳುವ ಪೀಕುಗಳ) ನಡುವಿನ ಅಂತರ ಒಂದರ ಬದಲು ಅರ್ಧವಾಗಿರುತ್ತದೆ.

2017ರಲ್ಲಿ ಥಿಯರಿ ಫೂಕೆ ಮತ್ತು ಹಿರೋಆಕಿ ಸಾಟೊ ಈ ಉಪಾಯವನ್ನು ಇನ್ನಷ್ಟು ಹಿಗ್ಗಿಸಿದರು. ತುಣುಕಿನ ರಾಶಿಯನ್ನು ಒಂದು ಪೂರ್ಣಾಂಕದಿಂದ ಭಾಗಿಸಿ, ಆ ಭಾಗವನ್ನೇ ಮೂಲಮಾನ ಮಾಡಿಕೊಂಡರೆ ಒತ್ತೊತ್ತಾಗಿದ್ದ ಗೆರೆಗಳು ನಕ್ಷೆಯ ತುಂಬ ಹರಡಿಕೊಳ್ಳುತ್ತವೆ. ಸಾಧಾರಣ ಯಂತ್ರದ ದತ್ತಾಂಶದಲ್ಲೂ ಬೇರೆ ಬೇರೆ ತುದಿಗಳು ಬೇರೆಯಾಗಿ ಕಾಣುತ್ತವೆ. ನಿಮ್ಮ ಇತರ ಮಾದರಿಗಳಿಗೆ ಬಳಸಿ ನೋಡಿ. ನಿಮ್ಮ ಇಂದಿನ ಜಗಳ ಅದರಿಂದ ಬಗೆಹರಿಯದು. ಕಳೆದುಹೋದ ದಶಾಂಶವನ್ನು ಯಾವ ನಕ್ಷೆಯೂ ಮರಳಿ ಕೊಡದು.

ಲೆಕ್ಕ ಮುಗಿದ ಮೇಲೆ ಪ್ರಯೋಗದಿಂದಲೂ ಖಚಿತ ಮಾಡಿಕೊಳ್ಳಿ. ಅದೇ ಮಾದರಿಗೆ ಸೋಡಿಯಂ ಟ್ರೈಫ್ಲೋರೋಅಸಿಟೇಟ್ ಸ್ವಲ್ಪ ಹೆಚ್ಚಿಗೆ ಬೆರೆಸಿ ಮತ್ತೆ ಓಡಿಸಿ. ಪೊಟ್ಯಾಸಿಯಂ ಸಾಲಾಗಿದ್ದರೆ ಕುಗ್ಗುತ್ತದೆ. ಆಕ್ಸಿಜನ್ ಆಗಿದ್ದರೆ ಜಗ್ಗುವುದಿಲ್ಲ. ಪೊಟ್ಯಾಸಿಯಂ ಗಾಜಿನ ಸಾಮಾನಿನಿಂದಲೂ ದ್ರಾವಕದಿಂದಲೂ ಹೇಳದೆ ಕೇಳದೆ ಬರುತ್ತದೆ, ಆದ್ದರಿಂದ ನನ್ನ ಊಹೆ ನಿಮ್ಮ ಸೀನಿಯರ್ ಕಡೆಗೇ ವಾಲುತ್ತದೆ. ನಿಜವಾಗಿಯೂ ಆಕ್ಸಿಡೀಕರಣ ಆಗಿದ್ದರೆ 16ರ ಜೊತೆಗೆ 13.979 ಹೆಚ್ಚಿರುವ ಸಾಲೂ ಸಾಮಾನ್ಯವಾಗಿ ಇಣುಕುತ್ತದೆ: ಎರಡು ಹೈಡ್ರೋಜನ್ ಹೋಗಿ ಒಂದು ಆಕ್ಸಿಜನ್ ಬಂದದ್ದರ ಗುರುತು ಅದು. ಅದನ್ನೂ ಹುಡುಕಿ.

ತುದಿಯನ್ನು ಹಿಂದಕ್ಕೆ ಲೆಕ್ಕ ಹಾಕುವುದನ್ನೂ ಕಲಿತುಬಿಡಿ. 1009.577ರಿಂದ ಸೋಡಿಯಂ 22.989 ಕಳೆಯಿರಿ: 986.588. ಅದರಲ್ಲಿ 44.0262 ಎಷ್ಟು ಸಲ ಹೋಗುತ್ತದೆ? 22 ಸಲ, 968.577. ಉಳಿದದ್ದು 18.011, ಅಂದರೆ ನೀರಿನ ರಾಶಿ, ಹೈಡ್ರೋಜನ್ ಮತ್ತು ಹೈಡ್ರಾಕ್ಸಿಲ್ ತುದಿಗಳು. 32.026 ಉಳಿದಿದ್ದರೆ ಒಂದು ತುದಿಯಲ್ಲಿ ಮೀಥೈಲ್ ಎಂದಾಗುತ್ತಿತ್ತು. ಆದರೆ ಉಳಿಕೆ 18.011 ಎಂದ ಮಾತ್ರಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂದು ಬರೆದುಬಿಡಬೇಡಿ. ಪಾಲಿವಿನೈಲ್ ಆಲ್ಕೊಹಾಲಿನ ತುಣುಕಿನಲ್ಲೂ ಇದೇ 2 ಇಂಗಾಲ, 4 ಹೈಡ್ರೋಜನ್, 1 ಆಕ್ಸಿಜನ್. ಅದರ ರಾಶಿಯೂ 44.0262. ವ್ಯತ್ಯಾಸ, ಉಳಿಕೆ, ಕೆಂಡ್ರಿಕ್ ನಕ್ಷೆ, ಯಾವುದೂ ಇವೆರಡನ್ನು ಬೇರೆ ಮಾಡಲಾರದು. ಒಂದು ಪೀಕನ್ನು ಆರಿಸಿ, ಅದನ್ನು ಯಂತ್ರದೊಳಗೇ ಒಡೆದು ಚೂರುಗಳನ್ನು ನೋಡಬೇಕು. ಆಲ್ಕೊಹಾಲಿನ ಸರಪಳಿ ಒಂದರ ಮೇಲೊಂದು ನೀರಿನ ಅಣುಗಳನ್ನು ಉದುರಿಸುತ್ತದೆ, 18, ಮತ್ತೆ 18.

ಪ್ರಶ್ನೆ: ಈ ಯಂತ್ರವನ್ನು ಪಾಲಿಮರಿಗೆ ಬಳಸಬಹುದೆಂದು ಮೊದಲು ಹೊಳೆದದ್ದು ಯಾರಿಗೆ? — ನಿವೃತ್ತ ಅಧ್ಯಾಪಕರು, ಮಾಟುಂಗಾ

ಉತ್ತರ: ಒಬ್ಬರಿಗಲ್ಲ. ದೊಡ್ಡ ಅಣುವನ್ನು ಒಡೆಯದೆ ಅನಿಲ ಸ್ಥಿತಿಗೆ ತಂದು ಅಯಾನು ಮಾಡುವುದೇ ದೊಡ್ಡ ಸಮಸ್ಯೆಯಾಗಿತ್ತು. 1968ರಲ್ಲಿ ಮಾಲ್ಕಂ ಡೋಲ್ ದ್ರಾವಣವನ್ನು ವಿದ್ಯುತ್ ಕ್ಷೇತ್ರದಲ್ಲಿ ಸಿಂಪಡಿಸುವ ಉಪಾಯ ಮಾಡಿದರು. ಅವರು ಆರಿಸಿಕೊಂಡ ವಸ್ತು ಪಾಲಿಸ್ಟೈರೀನ್. ಅದೇ ದಾರಿಯನ್ನು ಕೈಗೂಡಿಸಿದ ಜಾನ್ ಫೆನ್ 1988ರಲ್ಲಿ ಪಾಲಿಎಥಿಲೀನ್ ಗ್ಲೈಕಾಲಿನ ಸರಪಳಿಗಳು ಹಲವು ವಿದ್ಯುದಂಶಗಳನ್ನು ಒಟ್ಟಿಗೇ ಹೊರುತ್ತವೆಂದು ತೋರಿಸಿದರು. ಅತ್ತ ಕ್ಯೋಟೋದ ಶಿಮಾಡ್ಜು ಕಂಪನಿಯಲ್ಲಿ ಕೊಯಿಚಿ ತನಾಕ ಎಂಬ ಯುವ ಇಂಜಿನಿಯರ್ ಅತಿ ಸಣ್ಣ ಕೋಬಾಲ್ಟ್ ಪುಡಿಗೆ ಅಕಸ್ಮಾತ್ತಾಗಿ ಗ್ಲಿಸರಿನ್ ಬೆರೆಸಿದರು. ಚೆಲ್ಲುವ ಬದಲು ಅದರ ಮೇಲೆಯೇ ಲೇಸರ್ ಬಿಟ್ಟು ನೋಡಿದರು. 1988ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಪ್ರೋಟೀನುಗಳ ಪಕ್ಕದಲ್ಲೇ ಗ್ಲೈಕಾಲ್ ಪಾಲಿಮರುಗಳೂ ಇವೆ. ಅವರು ಓದಿದ್ದು ವಿದ್ಯುತ್ ಇಂಜಿನಿಯರಿಂಗ್, ಡಾಕ್ಟರೇಟ್ ಇರಲಿಲ್ಲ. 2002ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಫೆನ್ ಮತ್ತು ತನಾಕ ಇಬ್ಬರಿಗೂ ಪಾಲು ಸಿಕ್ಕಿತು. ಪತ್ರಿಕೆಗಳು ಪ್ರೋಟೀನಿನ ಮಾತನ್ನಷ್ಟೇ ಬರೆದವು. ಎರಡೂ ವಿಧಾನಗಳ ಮೊದಲ ಹೆಜ್ಜೆಗಳಲ್ಲಿ ಪಾಲಿಮರ್ ಇತ್ತು ಎಂಬುದನ್ನು ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ನೀವು ಹೇಳಬೇಕು. ನಮ್ಮ ಮುಂಬಯಿಯ ಪಾಲೂ ಇಲ್ಲಿದೆ: ಭಾರತೀಯ ಮಾಸ್ ಸ್ಪೆಕ್ಟ್ರೋಮೆಟ್ರಿ ಸಂಘ 1978ರಲ್ಲಿ ಟ್ರಾಂಬೆಯಲ್ಲೇ ಹುಟ್ಟಿದ್ದು.

ಪ್ರಶ್ನೆ: ನಾನು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಊರು ಹುಬ್ಬಳ್ಳಿ. ಸ್ನೇಹಿತನ ಲ್ಯಾಬಿನಿಂದ ಸಾವಿರಾರು ಸ್ಪೆಕ್ಟ್ರಗಳು ಸಿಕ್ಕಿವೆ. ಪಾಲಿಮರನ್ನು ತಾನಾಗಿಯೇ ಗುರುತಿಸುವ ಪ್ರೋಗ್ರಾಂ ಬರೆಯಬೇಕೆಂದಿದ್ದೇನೆ. ಪ್ರೋಗ್ರಾಂಗೆ ತರಬೇತಿ ಕೊಟ್ಟೆ, ಶೇಕಡಾ 99 ಸರಿ ಬಂತು. ಹೊಸ ಸ್ಪೆಕ್ಟ್ರ ಕೊಟ್ಟರೆ ಎಡವುತ್ತದೆ. ಏಕೆ? — ಓದುಗರು, ಪುಣೆ

ಉತ್ತರ: ಸಾವಿರಾರು ಸ್ಪೆಕ್ಟ್ರಗಳು ನಿಜವಾಗಿ ಎಷ್ಟು ವಸ್ತುಗಳವು? ಲ್ಯಾಬಿನಲ್ಲಿ ಒಂದೇ ಮಾದರಿಯ ಮೇಲೆ ಲೇಸರನ್ನು ಹತ್ತಾರು ಕಡೆ ಹೊಡೆದು ಹತ್ತಾರು ಸ್ಪೆಕ್ಟ್ರ ತೆಗೆಯುವುದು ವಾಡಿಕೆ. ನೀವು ಅವನ್ನೆಲ್ಲ ಕಲಸಿ ಒಂದಷ್ಟನ್ನು ತರಬೇತಿಗೆ, ಒಂದಷ್ಟನ್ನು ಪರೀಕ್ಷೆಗೆ ಹಂಚಿದ್ದರೆ ಒಂದೇ ತುಂಡಿನ ಸ್ಪೆಕ್ಟ್ರಗಳು ಎರಡೂ ಕಡೆ ಹೋಗಿರುತ್ತವೆ. ಪ್ರೋಗ್ರಾಂ ಪಾಲಿಮರನ್ನು ಕಲಿತಿಲ್ಲ, ಆ ತುಂಡಿನ ಕೊಳೆಯನ್ನು, ಆ ದಿನದ ಯಂತ್ರದ ಗದ್ದಲವನ್ನು ಕಲಿತಿದೆ. ಸ್ಪೆಕ್ಟ್ರದ ಲೆಕ್ಕದಲ್ಲಿ ಹಂಚಬೇಡಿ, ವಸ್ತುವಿನ ಲೆಕ್ಕದಲ್ಲಿ ಹಂಚಿ. ಸಾಧ್ಯವಾದರೆ, ಓಡಿಸಿದ ದಿನದ ಲೆಕ್ಕದಲ್ಲೂ ಹಂಚಿ ನೋಡಿ. ನಿಮ್ಮ 99 ಇಳಿಯುತ್ತದೆ. ಇಳಿದ ಅಂಕಿಯೇ ನಿಜವಾದದ್ದು.

ತರಬೇತಿಗೆ ಮುಂಚಿನ ಕೆಲಸದಲ್ಲಿ ಕ್ರಮ ಮುಖ್ಯ. ಮೊದಲು ತಳದ ಉಬ್ಬನ್ನು ಕಳೆಯಿರಿ. ಆಮೇಲೆ ಬೇಕಿದ್ದರೆ ಮಾತ್ರ ನಯಗೊಳಿಸಿ. ಸವಿಟ್ಸ್‌ಕಿ ಮತ್ತು ಗೋಲೇ 1964ರಲ್ಲಿ ಕೊಟ್ಟ ವಿಧಾನ ಇಂದಿಗೂ ಒಳ್ಳೆಯದೇ, ಆದರೆ ಅದರ ಕಿಟಕಿ (ಒಮ್ಮೆಗೆ ಹಿಡಿಯುವ ಬಿಂದುಗಳ ಹರವು) ಪೀಕಿನ ಅಗಲವನ್ನು ಮೀರಿದರೆ ಐಸೊಟೋಪ್ ಪೀಕುಗಳು ಕರಗಿ ಒಂದೇ ಗುಡ್ಡವಾಗುತ್ತವೆ. ಆಮೇಲೆ ಪೀಕುಗಳನ್ನು ಆರಿಸಿ, ಐಸೊಟೋಪುಗಳನ್ನು ಒಂದೊಂದು ಗುಂಪಿಗೆ ಮಡಚಿ. ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು ಒಂದು 13ರ ರಾಶಿಯದು. ಆದ್ದರಿಂದ ಸರಪಳಿ ಉದ್ದವಾದಂತೆ ಗುಂಪಿನ ಅತಿ ಎತ್ತರದ ಪೀಕ್ ಎಡದಿಂದ ಬಲಕ್ಕೆ ಜರುಗುತ್ತದೆ. ಎತ್ತರದ ಪೀಕನ್ನೇ ಹಿಡಿದು ವ್ಯತ್ಯಾಸ ತೆಗೆದರೆ ನಡುವೆ ಎಲ್ಲೋ ಒಂದು ಡಾಲ್ಟನ್ (ಅಣುರಾಶಿಯ ಒಂದು ಮಾನ) ತಪ್ಪಿಹೋಗುತ್ತದೆ. ಗುಂಪಿನ ಮೊದಲ ಪೀಕನ್ನು ಹಿಡಿಯಿರಿ.

ತರಬೇತಿಯೇ ಬೇಡದ ಒಂದು ವಿಧಾನ ಹೇಳುತ್ತೇನೆ, ಇಂಜಿನಿಯರ್ ಆದ ನಿಮಗೆ ಇಷ್ಟವಾಗುತ್ತದೆ. ಸ್ಪೆಕ್ಟ್ರದ ಒಂದು ಪ್ರತಿ ಮಾಡಿ ಅದನ್ನು ಮೂಲದ ಮೇಲೆ ಸ್ವಲ್ಪ ಸ್ವಲ್ಪವೇ ಸರಿಸುತ್ತ, ಪ್ರತಿ ಸರಿತಕ್ಕೂ ಎರಡರ ಗುಣಲಬ್ಧದ ಮೊತ್ತ ತೆಗೆಯಿರಿ. ಪೀಕುಗಳ ಮೇಲೆ ಪೀಕುಗಳು ಕೂತಾಗ ಮೊತ್ತ ಜಿಗಿಯುತ್ತದೆ. 44.026ರಲ್ಲಿ ಜಿಗಿದರೆ ಎಥಿಲೀನ್ ಗ್ಲೈಕಾಲ್ ಇಲ್ಲವೇ ಅದರ ಸಮಾಂಗಿ (ಅದೇ ಪರಮಾಣುಗಳ ಪಾಲಿವಿನೈಲ್ ಆಲ್ಕೊಹಾಲ್), 58.042ರಲ್ಲಾದರೆ ಪ್ರೊಪಿಲೀನ್ ಗ್ಲೈಕಾಲ್, 72.021 ಪಾಲಿಲ್ಯಾಕ್ಟಿಕ್ ಆಮ್ಲ, 74.019 ಸಿಲಿಕೋನ್, 100.052 ಅಕ್ರಿಲಿಕ್ ಹಾಳೆಯ ಪಿಎಂಎಂಎ, 104.063 ಪಾಲಿಸ್ಟೈರೀನ್, 192.042 ನೀರಿನ ಬಾಟಲಿಯ ಪಿಇಟಿ. 1.003ರಲ್ಲೂ ಜಿಗಿತ ಕಾಣುತ್ತದೆ, ಅದು ಐಸೊಟೋಪಿನದು. ಹೀಗೆ ಸರಿಸುವ ಮುನ್ನ ಅಂಕಿಗಳನ್ನು ಸಮಾನ ಅಂತರಕ್ಕೆ ತಂದುಕೊಳ್ಳಿ. ಅಯಾನುಗಳ ಹಾರಾಟದ ಸಮಯ ಅಳೆಯುವ ಯಂತ್ರದಲ್ಲಿ ಸಮಯದ ವರ್ಗಕ್ಕೆ ರಾಶಿ ಅನುಪಾತದಲ್ಲಿರುವುದರಿಂದ, ಸಮಯದಲ್ಲಿ ಸಮನಾಗಿರುವ ಬಿಂದುಗಳು ರಾಶಿಯಲ್ಲಿ ಸಮನಾಗಿರುವುದಿಲ್ಲ. 74.019 ಕಂಡೊಡನೆ ಸಂಭ್ರಮಿಸಬೇಡಿ. ಮಾದರಿಯೇ ಇಲ್ಲದ ಖಾಲಿ ಓಟದಲ್ಲೂ ಅದು ಬರುತ್ತದೆಯೇ ನೋಡಿ. ಸಿಲಿಕೋನ್ ಗ್ರೀಸ್ ಮತ್ತು ಸಾಬೂನಿನ ಗ್ಲೈಕಾಲುಗಳು ಪ್ರಯೋಗಾಲಯದ ಎಲ್ಲ ಕಡೆಯೂ ಇರುತ್ತವೆ.

ಮಿಶ್ರಣಗಳನ್ನು ಬಿಡಿಸುವ ಎರಡು ಗಣಿತ ವಿಧಾನಗಳಲ್ಲಿ ಪ್ರಧಾನ ಘಟಕ ವಿಶ್ಲೇಷಣೆಗಿಂತ (ಪಿಸಿಎ) ಋಣವಲ್ಲದ ಮಾತೃಕೆ ಅಪವರ್ತನ (ಎನ್‌ಎಂಎಫ್) ನನಗೆ ಹೆಚ್ಚು ಒಪ್ಪಿಗೆ. ಮೊದಲನೆಯದು ಋಣ ಎತ್ತರದ ಪೀಕುಗಳನ್ನೂ ಕೊಡುತ್ತದೆ. ಅಂಥ ಪೀಕು ಯಾವ ಯಂತ್ರದಿಂದಲೂ ಬಾರದು, ಅದನ್ನು ರಸಾಯನಶಾಸ್ತ್ರದ ಭಾಷೆಯಲ್ಲಿ ಓದಲಾಗದು. ಎರಡನೆಯದು ಕೊಡುವ ಪ್ರತಿ ಘಟಕವೂ ಒಂದು ಸ್ಪೆಕ್ಟ್ರದಂತೆಯೇ ಕಾಣುತ್ತದೆ, ಎದುರಿಗಿಟ್ಟುಕೊಂಡು ವಾದಿಸಬಹುದು. ಎಷ್ಟು ಘಟಕ ಎಂಬುದನ್ನು ಮಾತ್ರ ನೀವೇ ತೀರ್ಮಾನಿಸಬೇಕು. ಇನ್ನೊಂದು: ಈ ಸ್ಪೆಕ್ಟ್ರಗಳಿಂದ ಸರಾಸರಿ ಅಣುರಾಶಿ ಲೆಕ್ಕ ಹಾಕುವ ಆಸೆ ಬಂದರೆ ತಡೆಯಿರಿ. ಸರಪಳಿಗಳ ಉದ್ದದಲ್ಲಿ ಹರವು ದೊಡ್ಡದಿದ್ದಾಗ, ಅಂದರೆ ತೂಕದ ಲೆಕ್ಕದ ಸರಾಸರಿಗೂ ಸಂಖ್ಯೆಯ ಲೆಕ್ಕದ ಸರಾಸರಿಗೂ ಇರುವ ಅನುಪಾತ 1.2 ದಾಟಿದಾಗ, ಮಾಲ್ಡಿ ಭಾರದ ಸರಪಳಿಗಳನ್ನು ಕಡಿಮೆ ತೋರಿಸುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಕೋಲ್ವಾ ಕಡಲತೀರದಲ್ಲಿ ಪ್ಲಾಸ್ಟಿಕ್ ಚೂರುಗಳನ್ನು ಆರಿಸಿ ತಂದಿದ್ದಾರೆ. ಮಾಸ್ ಸ್ಪೆಕ್ಟ್ರೋಮೀಟರಿನಿಂದ ಅವು ಯಾವುವೆಂದು ತಿಳಿಯಬಹುದೇ? — ಶಿಕ್ಷಕಿ, ಮಡಗಾಂವ್

ಉತ್ತರ: ತಿಳಿಯಬಹುದು, ಆದರೆ ಪೈರಾಲಿಸಿಸಿಗೆ ಹಾಕಿದ ಚೂರು ಉಳಿಯುವುದಿಲ್ಲ. ಆದ್ದರಿಂದ ಮೊದಲು ಮಕ್ಕಳಿಂದ ಪ್ರತಿ ಚೂರಿನ ಚಿತ್ರ, ಬಣ್ಣ, ಉದ್ದ, ಸಿಕ್ಕ ಜಾಗ ಬರೆಸಿಡಿ. 5 ಮಿಲಿಮೀಟರಿಗಿಂತ ಚಿಕ್ಕದನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ, ಅವನ್ನು ಬೇರೆ ಇಡಿ. ಈ ಪರೀಕ್ಷೆ ಚೂರುಗಳ ಎಣಿಕೆ ಹೇಳದು, ಎಷ್ಟು ಮೈಕ್ರೋಗ್ರಾಂ ಎಂದು ಹೇಳುತ್ತದೆ. ಎಚ್ಚರ ಬೇಕಾದ ಜಾಗ ಒಂದಿದೆ. ಪಾಚಿಯ, ಮೀನಿನ ಕೊಬ್ಬು ಅಂಟಿಕೊಂಡಿದ್ದರೆ ಅದು ಸುಟ್ಟಾಗಲೂ ಪಾಲಿಥೀನಿನಂಥದೇ ಉದ್ದನೆಯ ಹೈಡ್ರೋಕಾರ್ಬನ್ನುಗಳು ಬರುತ್ತವೆ. ತೊಳೆದು, ಜೈವಿಕ ಅಂಶವನ್ನು ಜೀರ್ಣಿಸಿ ತೆಗೆದು, ಎರಡು ದ್ವಿಬಂಧವಿರುವ ಪೀಕುಗಳೂ ಇವೆಯೇ ಎಂದು ನೋಡಿದ ಮೇಲಷ್ಟೇ ಪಾಲಿಥೀನ್ ಎನ್ನಬೇಕು. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಗೆ ಒಂದು ಪತ್ರ ಬರೆದು, ಮಕ್ಕಳನ್ನು ಕರೆದೊಯ್ಯಲು ಅನುಮತಿ ಕೇಳಿ. ಯಂತ್ರವನ್ನು ಒಮ್ಮೆ ಕಣ್ಣಾರೆ ಕಂಡ ಮಗು ಪಠ್ಯದ ಹತ್ತು ಪುಟಕ್ಕಿಂತ ಹೆಚ್ಚು ಕಲಿಯುತ್ತದೆ.

ಪ್ರಶ್ನೆ: ವಾಸ್ಕೋದಲ್ಲಿ ಬಲೆ ಮತ್ತು ಹಗ್ಗದ ಅಂಗಡಿ ಇಟ್ಟುಕೊಂಡಿದ್ದೇನೆ, ಊರು ಮಲ್ಪೆ. ಮಾಲು ಕಳಿಸುವವರು ನೈಲಾನ್ 66 ಎಂದು ಹೇಳಿ ನೈಲಾನ್ 6 ಕೊಡುತ್ತಿದ್ದಾರೆಂಬ ಅನುಮಾನ. ಕಂಡುಹಿಡಿಯಬಹುದೇ? — ಓದುಗರು, ವಾಸ್ಕೋ

ಉತ್ತರ: ಕಂಡುಹಿಡಿಯಬಹುದು, ಆದರೆ ವ್ಯತ್ಯಾಸದ ಲೆಕ್ಕದಿಂದಲ್ಲ. ನೈಲಾನ್ 6ರ ತುಣುಕು 113.084, ನೈಲಾನ್ 66ರದು 226.168, ಸರಿಯಾಗಿ ಎರಡರಷ್ಟು. ನೈಲಾನ್ 66ರ ಪೀಕುಗಳು ಬೀಳುವ ಜಾಗದಲ್ಲೆಲ್ಲ ನೈಲಾನ್ 6ರದೂ ಬೀಳಬಲ್ಲದು. ಪೈರಾಲಿಸಿಸ್ ಮಾಡಿಸಿ. ನೈಲಾನ್ 6 ಒಡೆದರೆ ಕ್ಯಾಪ್ರೊಲ್ಯಾಕ್ಟಂ ಬರುತ್ತದೆ, ರಾಶಿ 113. ನೈಲಾನ್ 66 ಒಡೆದರೆ ಸೈಕ್ಲೋಪೆಂಟನೋನ್, ರಾಶಿ 84. ವರದಿಯಲ್ಲಿ ಈ ಎರಡು ಹೆಸರುಗಳು ಇವೆಯೇ, ಯಾವುದು ದೊಡ್ಡದು ಎಂದು ನೋಡಿದರೆ ಸಾಕು. ಅದಕ್ಕೂ ಮೊದಲು ಅಗ್ಗದ ದಾರಿ, ಕರಗುವ ಉಷ್ಣತೆ: ನೈಲಾನ್ 6 ಸುಮಾರು 220 ಡಿಗ್ರಿಗೆ ಕರಗುತ್ತದೆ, 66 ಸುಮಾರು 260ಕ್ಕೆ. ಮುಂಬಯಿಗೆ ಬರುವುದಿದ್ದರೆ ಪವಯಿಯ ಐಐಟಿಯಲ್ಲಿರುವ ಸೈಫ್ ಕೇಂದ್ರ ಹೊರಗಿನವರ ಮಾದರಿಗಳನ್ನೂ ಶುಲ್ಕ ಪಡೆದು ಪರೀಕ್ಷಿಸುತ್ತದೆ. ಯಾವ ಪರೀಕ್ಷೆ ಬೇಕೆಂದು ಮೊದಲೇ ಕೇಳಿಕೊಂಡು ಹೋಗಿ. ಹಗ್ಗದ ನಡುವಿನ ಎಳೆಯನ್ನು ಕತ್ತರಿಸಿ, ಕೈಯಿಂದ ಮುಟ್ಟದೆ ಚಿಮಟಿಯಲ್ಲಿ ಹಿಡಿದು ಗಾಜಿನ ಸೀಸೆಗೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಬೇಡಿ. ಸೀಸೆಯ ಮೇಲೆ ಮಾಲು ಬಂದ ತಾರೀಕು ಮತ್ತು ಬಿಲ್ಲಿನ ಸಂಖ್ಯೆ ಬರೆಯಿರಿ. ವರದಿ ಹಿಡಿದುಕೊಂಡು ಕೇಳುವ ದಿನ ಅವೆರಡೂ ಬೇಕಾಗುತ್ತವೆ.